ಕಿಟಕಿ ಪಕ್ಕದ ನಾಲ್ಕನೇ ಸೀಟು

ಸೆಕ್ಯೂರಿಟಿಯವನ ಮೊಣಕೈ ನನ್ನ ಕತ್ತಿನ ಮೇಲಿತ್ತು.

"ಲಾಸ್ಟ್ ಸಲ ಕೇಳ್ತಿದ್ದೀನಿ. ರೆಕಾರ್ಡ್ ರೂಮಲ್ಲಿ ನಿನಗೇನ್ ಕೆಲಸ?"

"ಲಿಫ್ಟ್ ಹುಡುಕ್ತಿದ್ದೆ..."

"ಬೀರು ಒಳಗಾ?"

ಮಂಡಿ ಎತ್ತಿ ಸರಿಯಾದ ಜಾಗಕ್ಕೆ ಕೊಟ್ಟೆ. ಅವನು ಮಡಚಿಕೊಂಡ. ನಾನು ಓಡಿದೆ!

ವಯಸ್ಸು ಐವತ್ತೆರಡು. ಆದರೂ ಪರೀಕ್ಷಾ ಕೇಂದ್ರದ ಮೂರು ಮಹಡಿ ಒಂದೇ ಉಸಿರಿಗೆ ಇಳಿದೆ. ಹಿಂದೆ ಬೂಟಿನ ಸದ್ದು... ಹಿಂದಿನ ಗೇಟಿನಿಂದ ನುಗ್ಗಿ, ಹೊರಟಿದ್ದ ಬಸ್ಸಿಗೆ ನೇತುಬಿದ್ದೆ. ಜಾಕೆಟ್ಟಿನೊಳಗೆ ಕದ್ದ ಹಾಳೆ ಭದ್ರವಾಗಿತ್ತು.

ಇಷ್ಟೆಲ್ಲ ಯಾಕೆ ಅಂತೀರಾ? ಹೇಳ್ತೀನಿ.

ಇನ್ಶೂರೆನ್ಸ್ ಕಂಪನಿಗಳಿಗೆ ಸುಳ್ಳು ಕ್ಲೇಮ್ ಹಿಡಿದುಕೊಡುವುದು ನನ್ನ ಕಸುಬು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಪರಿಹಾರ ಕೇಳಿದವನು ಸಂಜೆ ಬ್ಯಾಡ್ಮಿಂಟನ್ ಆಡುವಾಗ ಫೋಟೊ ತೆಗೆಯುವವಳು ನಾನು. ಬೆಳಿಗ್ಗೆ ಹತ್ತಕ್ಕೆ ನನ್ನ ಓರಗಿತ್ತಿ ಆಫೀಸಿಗೆ ಬಂದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಅತ್ತಳು.

ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಅವಳ ಮಗಳಿಗೆ ಕೆಲಸ ಸಿಕ್ಕಿತ್ತು. ಆಕ್ಚುರಿಯಲ್ ಟ್ರೇನಿ. ಜನ ಎಷ್ಟು ವರ್ಷ ಬದುಕುತ್ತಾರೆ ಅಂತ ಲೆಕ್ಕ ಹಾಕಿ ಪ್ರೀಮಿಯಂ ಗೊತ್ತು ಮಾಡುವ ಕೆಲಸ. ಅದೂ ಹೊರದೇಶದ ಹೆಡ್ ಆಫೀಸಿನಲ್ಲಿ, ವೀಸಾಕ್ಕೆ ಕಂಪನಿಯೇ ಸ್ಪಾನ್ಸರ್! ಹೊಸಬರಿಗೆ ಅಂಥದ್ದು ಎಲ್ಲಿ ಸಿಗುತ್ತದೆ? ನನ್ನ ಮಗಳನ್ನು ಕೇಳಿ. ನೂರ ನಲವತ್ತಾರು ಅರ್ಜಿ ಹಾಕಿದ್ದಾಳೆ. ‘ವೀಸಾ ಸ್ಪಾನ್ಸರ್ ಬೇಕೆ?’ ಅನ್ನುತ್ತದೆ ಫಾರಂ. ‘ಹೌದು’ ಅಂತ ಒತ್ತಿದರೆ ಮೂರೇ ನಿಮಿಷಕ್ಕೆ ‘ಕ್ಷಮಿಸಿ’ ಅಂತ ಮೇಲ್. ಈ ಕಂಪನಿಯಲ್ಲಿ ಮಾತ್ರ ಕೊನೆಯ ಸುತ್ತಿನವರೆಗೆ ಹೋದಳು. ಇದ್ದದ್ದು ಒಂದೇ ಸೀಟು, ಓರಗಿತ್ತಿಯ ಮಗಳ ಪಾಲಾಯಿತು. ವೇಟಿಂಗ್ ಲಿಸ್ಟಿನಲ್ಲಿ ನನ್ನ ಮಗಳೇ ಮೊದಲು.

ಅವತ್ತಿನಿಂದ ಓರಗಿತ್ತಿ ಎದುರು ಸಿಕ್ಕಾಗಲೆಲ್ಲ ಹಲ್ಲು ಕಿರಿದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು.

"ಆಕ್ಚುರಿಯಲ್ ಪರೀಕ್ಷೇಲಿ ಮೋಸ ಮಾಡಿದ್ಲು ಅಂತ ಕಂಪನಿಗೆ ಯಾರೋ ಮೂಗರ್ಜಿ ಹಾಕಿದ್ದಾರೆ, ಅಕ್ಕ," ಅಂದಳು.

ಅವಳ ಫೋನಿನಲ್ಲಿ ಆ ಮೇಲ್ ಓದಿದೆ. ‘ಕಿಟಕಿ ಪಕ್ಕದ ನಾಲ್ಕನೇ ಸೀಟು. ಪರೀಕ್ಷೆ ಶುರುವಾಗಿ ನಲವತ್ತು ನಿಮಿಷಕ್ಕೆ ಬಾತ್‌ರೂಮಿಗೆ ಹೋದಳು. ವಾಪಸ್ ಬಂದು ಪೇಪರ್ ಬರೆದದ್ದು ಬೇರೆ ಹುಡುಗಿ.’

"ಇವತ್ತು ಐದರೊಳಗೆ ಪ್ರೂಫ್ ಕೊಡದಿದ್ರೆ ವೀಸಾ ಪೇಪರ್ ಕಳಿಸಲ್ವಂತೆ. ಪರೀಕ್ಷೆಯವರು ಎರಡು ವಾರ ಬೇಕು ಅಂತಿದ್ದಾರೆ..."

ಅದಕ್ಕೇ ನಾನು ಬೀರುವಿಗೆ ಕೈಹಾಕಿದ್ದು.

ಬಸ್ಸಿನಲ್ಲಿ ಕೂತು ಹಾಳೆ ಬಿಚ್ಚಿದೆ. ಪರೀಕ್ಷೆಯ ದಿನದ ಹಾಜರಿ. ನಾಲ್ಕನೇ ಸೀಟಿನವಳು ಹೊರಗೆ ಹೋಗುವಾಗ ಒಂದು ಸಹಿ, ಬಂದಾಗ ಒಂದು ಸಹಿ. ಎರಡೂ ಒಂದೇ ಕೈ. ‘ಫೋಟೊ ತಾಳೆ ನೋಡಿದೆ’ ಅಂತ ಮೇಲ್ವಿಚಾರಕರ ಷರಾ. ಹುಡುಗಿಯ ತಪ್ಪೇನೂ ಇರಲಿಲ್ಲ.

ಹಾಗಾದರೆ ನಿಮಿಷ ಎಣಿಸಿಕೊಂಡು ಅವಳನ್ನು ನೋಡುತ್ತಿದ್ದವರು ಯಾರು? ಹಿಂದೆ ಕೂತವರು. ಬೆರಳನ್ನು ಒಂದು ಸಾಲು ಕೆಳಗೆ ಜಾರಿಸಿದೆ.

ಐದನೇ ಸೀಟು... ನನ್ನ ಮಗಳ ಸಹಿ.

ಅವಳೂ ಅಲ್ಲೇ ಬರೆದದ್ದು ಗೊತ್ತಿತ್ತು. ಎಲ್ಲಿ ಕೂತಿದ್ದಳು ಅಂತ ಕೇಳಿರಲಿಲ್ಲ.

ಮನೆಗೆ ಹೋದೆ. ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೂರ ನಲವತ್ತೇಳನೇ ಅರ್ಜಿ ತುಂಬುತ್ತಿದ್ದಳು. ಹಾಳೆ ಮುಂದಿಟ್ಟೆ.

"ನೀನಾ?"

ಲ್ಯಾಪ್‌ಟಾಪ್ ಮುಚ್ಚಿದಳು. "ಇರೋದು ಒಂದೇ ಸೀಟಮ್ಮ."

"ಅವಳು ನಿನ್ನ ತಂಗಿ ಕಣೇ."

"ಹೌದಾ? ಅವಳ ಬಗ್ಗೆ ನೀನು ಒಂದು ಒಳ್ಳೆ ಮಾತಾಡಿದ್ದು ಯಾವತ್ತು, ಹೇಳು?"

ನಾನು ಹಾಳೆ ಎತ್ತಿಕೊಂಡೆ.

"ಹರಿದುಹಾಕು," ಅಂದಳು. "ಐದು ಗಂಟೆ ಆಗಲಿ. ಸೀಟು ನಂದು."

ಹಾಳೆಯ ಅಂಚು ಎರಡು ಬೆರಳಿನ ನಡುವೆ ಇತ್ತು. ಹರಿಯಲು ಎಷ್ಟು ಹೊತ್ತು ಬೇಕು? ಓರಗಿತ್ತಿಯ ಮುಖ ಸಣ್ಣಗಾಗುವುದನ್ನು ನೋಡಲು ಎಷ್ಟು ವರ್ಷ ಕಾದಿದ್ದೆ! ಆದರೆ ಬೆಳಿಗ್ಗೆ ಅದನ್ನು ನೋಡಿಯಾಗಿತ್ತು. ಆ ಖುಷಿ ಬಸ್ ಸ್ಟಾಪಿನವರೆಗೂ ಉಳಿದಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಕಂಪನಿಯ ಇಲ್ಲಿನ ಆಫೀಸಿನಲ್ಲಿ ಎಚ್‌ಆರ್ ಮೇಡಂ ಮುಂದೆ ನಿಂತಿದ್ದೆ. ಪಕ್ಕದ ಕುರ್ಚಿಯಲ್ಲಿ ಓರಗಿತ್ತಿ. ಮೇಡಂ ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿದರು. ಹಾಳೆ ತಮ್ಮದೇ ಅಂತ ಕೇಂದ್ರದವರು ನನ್ನನ್ನು ಬೈದುಕೊಂಡೇ ಒಪ್ಪಿದರು. ವೀಸಾ ಪೇಪರ್ ಹೋಯಿತು.

"ಇನ್ನು ಈ ಮೇಲ್ ಬರೆದದ್ದು ಯಾರು ಅಂತ..." ಮೇಡಂ ಬೆರಳು ಐದನೇ ಸಾಲಿನ ಮೇಲೆ ನಿಂತಿತು.

ಆ ಹೆಸರು ಹೊರಬಿದ್ದರೆ ಮುಗಿಯಿತು. ಯಾವ ಕಂಪನಿಯೂ ನನ್ನ ಮಗಳನ್ನು ಹತ್ತಿರ ಸೇರಿಸುವುದಿಲ್ಲ. ಪರೀಕ್ಷೆಗೂ ಕೂರಿಸುವುದಿಲ್ಲ.

"ನಾನೇ ಬರೆದದ್ದು," ಅಂದೆ. "ಮಗಳು ಊಟ ಮಾಡ್ತಾ ಪರೀಕ್ಷೆ ವಿಷಯ ಹೇಳಿದ್ಲು. ಉಪ್ಪು ಖಾರ ನಾನು ಹಚ್ಚಿದೆ. ಹೊಟ್ಟೆಕಿಚ್ಚು. ಆಮೇಲೆ ಪಾಪ ಅನ್ನಿಸ್ತು."

ಮೇಡಂ ‘ನಿಜವಾ?’ ಅನ್ನುವಂತೆ ಓರಗಿತ್ತಿಯ ಕಡೆ ತಿರುಗಿದರು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಹೌದು ಅಂತ ತಲೆಯಾಡಿಸಿದಳು.

ಈ ಕಸುಬಿನ ಹತ್ತೊಂಬತ್ತು ವರ್ಷದಲ್ಲಿ ನಾನು ಕೊಟ್ಟ ಯಾವ ರಿಪೋರ್ಟನ್ನೂ ಯಾರೂ ಇಷ್ಟು ಬೇಗ ನಂಬಿರಲಿಲ್ಲ... ಒಬ್ಬರೂ ಸಾಕ್ಷಿ ಕೇಳಲಿಲ್ಲ.