ಇನ್ನೂ ಅರ್ಧಕ್ಕೂ ಬಂದಿಲ್ಲ

"ಓದೋಕೆ ಇಷ್ಟ ಇಲ್ಲ ಅಂದ್ರೆ ವಾಪಸ್ ಕೊಟ್ಬಿಡಿ. ನಂಗೇನೂ ಬೇಜಾರಿಲ್ಲ."

ಕನ್ನಡಕದ ಅಂಗಡಿಯ ಮೂಲೆಯಲ್ಲಿ ಫ್ರೇಮ್ ರಿಪೇರಿ ಮಾಡುವವನು ತಲೆಯೆತ್ತದೆ ಹೇಳಿದ. ಮಾತು ಕಮ್ಮಿಯೆಂದು ಅಂಗಡಿಯವರೆಲ್ಲ ಅವನನ್ನು ಮೌನಿ ಅಂತಲೇ ಕರೆಯುತ್ತಿದ್ದರು.

ಅದೇ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳಿಗೆ ಪಿಚ್ಚೆನಿಸಿತು. ಬೆಳಗಿನಿಂದ ಗಿರಾಕಿಗಳ ಕಣ್ಣು ಟೆಸ್ಟ್ ಮಾಡುತ್ತಾ, "ಇದು ಕಾಣುತ್ತಾ? ಈಗ?" ಎಂದು ಕೇಳಿ ಕೇಳಿ ಗಂಟಲು ಒಣಗಿತ್ತು. ಶಟರ್ ಅರ್ಧ ಇಳಿದ ಮೇಲೆ ಅವನು ಕೊಟ್ಟ ಕಾದಂಬರಿ ತೆರೆದಿದ್ದಳಷ್ಟೆ, ಬಾಯ್ತುಂಬ ಆಕಳಿಕೆ. ಅದನ್ನೇ ಅವನು ನೋಡಿಬಿಟ್ಟಿದ್ದ.

"ಪುಸ್ತಕದ ತಪ್ಪಲ್ಲ ರೀ. ಮನೆಗೆ ಹೋದ್ರೆ ಅಕ್ಕನ ಮಕ್ಕಳ ಹೋಂವರ್ಕ್, ಆಮೇಲೆ ಪಾತ್ರೆ. ಮಲಗಿ ಒಂದು ಪುಟ ತೆಗೆಯೋಷ್ಟರಲ್ಲಿ ಪುಸ್ತಕ ಮೂಗಿನ ಮೇಲೆ."

ಅವನ ತುಟಿಯಂಚು ಸಡಿಲಾಯಿತು. "ಓದಿದಷ್ಟು ಹೇಗಿದೆ?"

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಆ ಕಾದಂಬರಿ ಹಿಮಗಟ್ಟುವ ಕಡಲಿನ ದಂಡೆಯಲ್ಲಿ ಬದುಕುವ ಬೆಸ್ತರ ಕಥೆ.

"ಮೊದಮೊದಲು ಸಿಟ್ಟೇ ಬಂತು. ಅಲ್ಲಿ ಹೆಣ್ಣು ಕೇಳೋಕೆ ಬಂದವನು ಮದುವೆ ಮಾತೇ ಎತ್ತಲ್ಲ. ಬಲೆ ಹರಿದಿದ್ದು, ಗಾಳಿ ತಿರುಗಿದ್ದು ಹೇಳಿ ಎದ್ದು ಹೋಗ್ತಾನೆ. ಇವರೇನು ಕಲ್ಲಾ ಅನ್ನಿಸ್ತು. ಆಮೇಲೆ ಅವನು ಹೋದ ದಾರೀನೇ ಆ ಹುಡುಗಿ ನೋಡ್ತಾ ನಿಲ್ತಾಳಲ್ಲ, ಅಲ್ಲಿ ಯಾಕೋ ಕರುಳು ಚುರ್ ಅಂತು. ಅವನು ಮತ್ತೆ ಬರ್ತಾನಾ?"

"ಗೊತ್ತಿಲ್ಲ."

"ನೀವೇ ಕೊಟ್ಟಿದ್ದಲ್ವಾ?"

"ನಾನು ಓದಿಲ್ಲ." ಅವನ ಕಿವಿ ಕೆಂಪಾಯಿತು. "ಎಲ್ಲೀವರೆಗೆ ಬಂತು ಅಂತ ದಿನಾ ನಿಮ್ಮನ್ನ ಮಾತಾಡಿಸಬಹುದಲ್ಲ ಅಂತ ಕೊಂಡ್ಕೊಂಡೆ."

ಪುಟ್ಟ ಸ್ಕ್ರೂ ಒಂದು ಅವನ ಬೆರಳಿನಿಂದ ಜಾರಿ ಎಲ್ಲೋ ಉರುಳಿತು. ಇಬ್ಬರೂ ಹುಡುಕಲಿಲ್ಲ.

"ಅಕ್ಕ ಒಂದು ಸಂಬಂಧ ನೋಡಿದ್ದಾಳೆ," ಎಂದಳು ಅವಳು ಮೆಲ್ಲಗೆ. "ನಾಳೆಯೊಳಗೆ ಹೇಳಬೇಕಂತೆ. ಯೋಚನೆ ಮಾಡೋಕೂ ತ್ರಾಣ ಇಲ್ಲ, ಹೂಂ ಅಂದು ಮುಗಿಸೋಣ ಅಂತಿದ್ದೆ."

ಅವನು ಮೊದಲ ಬಾರಿಗೆ ನೆಟ್ಟಗೆ ನೋಡಿದ. ಅವನ ಕಣ್ಣಿನ ಕೆಳಗೂ ಅವಳದ್ದೇ ದಣಿವು.

"ಹೂಂ ಅನ್ನಬೇಡಿ. ನನ್ನ ಹತ್ರ ದೊಡ್ಡದೇನೂ ಇಲ್ಲ. ಬಾಡಿಗೆ ಮನೆ, ಅಮ್ಮನ ಮಂಡಿನೋವು, ಈ ಮೂಲೆ. ಆದ್ರೆ ನೀವು ಅಂದ್ರೆ ನಂಗೆ ಜೀವ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಗುವುದೇ ಸುಲಭವಾಯಿತು. "ಹಾಗಾದ್ರೆ ಮನೆಗೆ ಬನ್ನಿ. ಅಕ್ಕನ ಹತ್ರ ಒಬ್ಬಳೇ ವಾದ ಮಾಡೋ ಶಕ್ತಿ ನಂಗಿಲ್ಲ."

"ಈಗ್ಲಾ?"

"ಈಗ್ಲೇ. ನಾಳೆಗೆ ಬಿಟ್ರೆ ಸುಸ್ತಿಗೇ ಹೂಂ ಅಂದ್ಬಿಡ್ತೀನಿ."

ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಅಕ್ಕನ ಮುಂದೆ ಹೇಳಬೇಕಾದದ್ದನ್ನು ಅವನು ತೊದಲುತ್ತಾ ಪಾಠ ಒಪ್ಪಿಸಿದ. ಅವಳು ಅಲ್ಲಲ್ಲಿ ತಿದ್ದಿದಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿ, "ಸೇತುವೆ ದಾಟಿದ ಮೇಲೆ ಎಬ್ಬಿಸಿ," ಎಂದು ಕಣ್ಣು ಮುಚ್ಚಿದಳು.

ಅವನು ದನಿ ತಗ್ಗಿಸಿ ಆ ಪಾಠವನ್ನೇ ಮತ್ತೆ ಮೊದಲಿನಿಂದ ಶುರುಮಾಡಿದ್ದು ಅರೆನಿದ್ದೆಯಲ್ಲೂ ಅವಳಿಗೆ ಕೇಳುತ್ತಿತ್ತು.