ಹಳದಿ ಟಿಪ್ಪರಿನ ಎಡಗಡೆ ಟೈರು

"ಮುಟ್ಟಬೇಡಿ! ಯಾರೂ ಏನೂ ಮುಟ್ಟಬೇಡಿ!"

ಹಾಗೆ ಕೂಗಿದವನು ನಾನೇ. ಕೂಗಿದ್ದಾಯಿತು, ಮುಂದೇನು ಮಾಡಬೇಕೆಂದು ಮಾತ್ರ ತೋಚಲಿಲ್ಲ. ನಮ್ಮ ಮಾದರಿ ವಾಹನಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಪ್ರದರ್ಶನದ ಬೆಳಿಗ್ಗೆ ಬೀಗ ತೆಗೆದು ದೀಪ ಹಾಕಿದರೆ, ನಡುಮೇಜಿನ ಮೇಲೆ ಹಳದಿ ಟಿಪ್ಪರ್ ಚೂರುಚೂರಾಗಿ ಬಿದ್ದಿತ್ತು. ಕ್ಯಾಬಿನ್ ಅಪ್ಪಚ್ಚಿ. ಹಿಂದಿನ ತೊಟ್ಟಿ ಎರಡು ಹೋಳು. ಹಿಂಬದಿಯ ಅಚ್ಚು ಚಕ್ರಗಳ ಸಮೇತ ಕಿತ್ತುಬಂದು ಒಂದು ಮೂಲೆಯಲ್ಲಿತ್ತು.

ಅದು ಅಂಗಡಿಯಲ್ಲಿ ಸಿಗುವ ಟಿಪ್ಪರ್ ಅಲ್ಲ. ನಮ್ಮ ಸಂಘದ ಡ್ರೈವರಣ್ಣ ಹಿಂದೆ ಓಡಿಸುತ್ತಿದ್ದ ಗಾಡಿಯನ್ನು ಈಗ ಯಾರೂ ತಯಾರಿಸುವುದಿಲ್ಲ, ಅದರ ಮಾದರಿ ಕಟ್ಟುವ ಬಿಡಿಭಾಗಗಳ ಕಿಟ್ ಕೂಡ ಇಲ್ಲ. ಅದಕ್ಕೇ ಅವರು ಅಗ್ನಿಶಾಮಕ ವಾಹನದ ಕಿಟ್‌ನಿಂದ ಕ್ಯಾಬಿನ್, ಸೈನ್ಯದ ಲಾರಿಯಿಂದ ಚಾಸಿ, ಗಣಿ ಲಾರಿಯಿಂದ ತೊಟ್ಟಿ ತೆಗೆದು, ಕೊಯ್ದು, ಉಜ್ಜಿ, ಒಂದಕ್ಕೊಂದು ಕೂಡಿಸಿದ್ದರು. ಈಚೆಗೆ ಕೈ ನಡುಗುತ್ತದೆ. ಅಂಟು, ಬಣ್ಣ, ಚಕ್ರ ಎಲ್ಲ ದೊಡ್ಡ ಮಗಳ ಪಾಲು. ಇದೇ ಕೊನೆಯದು, ಇನ್ನೊಂದು ಕಟ್ಟುವ ಶಕ್ತಿ ತನಗಿಲ್ಲ ಎಂದು ಅವರು ಎಲ್ಲರಿಗೂ ಹೇಳಿಬಿಟ್ಟಿದ್ದರು.

ಸ್ವಲ್ಪ ಹೊತ್ತಿಗೆ ಡ್ರೈವರಣ್ಣ ಇಬ್ಬರು ಹೆಣ್ಣುಮಕ್ಕಳ ಜೊತೆ ಬಂದರು. ಮೇಜಿನ ಹತ್ತಿರ ಹೋದರು, ನೋಡಿದರು, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ದೊಡ್ಡವಳು ಗೋಡೆಗೆ ಒರಗಿ ನಿಂತಳು. ಕನ್ನಡಕದ ಚಿಕ್ಕವಳು ಮಾತ್ರ ಕೆಂಡವಾದಳು.

"ಇನ್ಯಾರು? ಆ ಹಲ್ಲಿನ ಡಾಕ್ಟರ್ರೇ!"

ಅವಳ ಮಾತಿನಲ್ಲಿ ಹುರುಳಿತ್ತು. ಹಲ್ಲಿನ ಡಾಕ್ಟರು ಪ್ರತಿ ವರ್ಷ ಬಹುಮಾನ ಹೊಡೆಯುವ ಆಸಾಮಿ. ಹಲ್ಲು ಕೆರೆಯುವ ಉಪಕರಣಗಳಿಂದಲೇ ಪುಟ್ಟ ಬುಲ್ಡೋಜರ್‌ಗಳನ್ನು ಕೆತ್ತುತ್ತಾರೆ. ಹಿಂದಿನ ದಿನ ಸಂಜೆ ಎಲ್ಲರೂ ಅವರ ಬುಲ್ಡೋಜರ್ ಬಿಟ್ಟು ಟಿಪ್ಪರಿಗೆ ಮುತ್ತಿಕೊಂಡಾಗ ಅವರ ಮುಖ ನೋಡಬೇಕಿತ್ತು. ಅಲ್ಲದೆ ಬಾಗಿಲು ಮುರಿದಿಲ್ಲ. ಕೀಲಿ ಇರುವುದು ಮೂವರ ಬಳಿ: ನಾನು, ಡಾಕ್ಟರು, ಡ್ರೈವರಣ್ಣ.

"ಸಂಘದಿಂದ ಅವರನ್ನ ತೆಗೀರಿ. ಇವತ್ತೇ!" ಎಂದಳು ಚಿಕ್ಕವಳು.

"ಹೋಗ್ಲಿ ಬಿಡಮ್ಮ," ಎಂದರು ಡ್ರೈವರಣ್ಣ. "ಹುಡುಕೋದೇನೂ ಬೇಡ."

ಬೇರೆ ದಾರಿ ಕಾಣದೆ ನಾನು ಅತ್ತಿಗೆಗೆ ಫೋನ್ ಮಾಡಿದೆ. ಅಪಘಾತವಾದ ವಾಹನಗಳನ್ನು ನೋಡಿ, ತಪ್ಪು ಯಾರದೆಂದು ವಿಮಾ ಕಂಪನಿಗೆ ಹೇಳುವುದು ಆಕೆಯ ಉದ್ಯೋಗವಾಗಿತ್ತು. ಈಗ ನಿವೃತ್ತಿ. ನಮ್ಮ ಮನೆಯಲ್ಲಿ ಚಮಚ ಕಳೆದರೂ ಅತ್ತಿಗೆಯನ್ನೇ ಕೇಳುತ್ತಾರೆ. ನಾನು ಹೇಳಿದ್ದು ನಿಜವಾದರೂ ಅತ್ತಿಗೆ ಹೇಳಿದ ಮೇಲೇ ನಿಜವಾಗುತ್ತದೆ. ನನ್ನ ಹೆತ್ತಮ್ಮನೇ ನನ್ನ ಮಾತು ಬಿಟ್ಟು ಆಕೆಯ ಮಾತು ನಂಬಿದರೆ ಹೊಟ್ಟೆ ಉರಿಯದೆ ಇನ್ನೇನು?

ಆಕೆ ಬಂದವಳೇ ಮೊದಲು ನನ್ನನ್ನೇ ಹಿಡಿದಳು.

"ನಿನ್ನೆ ಕೊನೇಲಿ ಹೋಗಿದ್ದು ಯಾರಪ್ಪ?"

"ನಾನು, ಡಾಕ್ಟ್ರು, ಡ್ರೈವರಣ್ಣ. ಒಟ್ಟಿಗೇ ಹೊರಟ್ವಿ. ಅದಕ್ಕೆ ಮುಂಚೆ ಫೋಟೋ ತೆಗೆದೆ."

"ಹೆಣ್ಣುಮಕ್ಕಳು?"

"ದೊಡ್ಡವಳು ಟೈರ್ ಅಂಗಡೀಲಿ ಕೆಲಸ ಮಾಡ್ತಾಳೆ. ಅವಸರದಲ್ಲಿ ಬಂದು ಚಕ್ರ ಕೂರಿಸಿ ಹಂಗೇ ಓಡಿದಳು. ಚಿಕ್ಕವಳು ನಿನ್ನೆ ಬಂದೇ ಇಲ್ಲ."

"ಆಮೇಲೆ ಗಾಡಿ ಯಾರಾದ್ರೂ ಮುಟ್ಟಿದ್ರಾ?"

"ಡ್ರೈವರಣ್ಣ ಒಬ್ರೇ. ಅರ್ಧ ಗಂಟೆ ನಮ್ಮನ್ನೆಲ್ಲ ಆಚೆ ಕಳಿಸಿ ಕ್ಯಾಬಿನ್ ಒಳಗೆ ಏನೋ ಮಾಡ್ತಿದ್ರು."

"ಫೋಟೋ ಕೊಡು."

ಒಂದು ಹಿಂದಿನಿಂದ ತೆಗೆದದ್ದು, ಒಂದು ಮುಂದಿನಿಂದ. ಅತ್ತಿಗೆ ಅವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಮುರಿದ ಅಚ್ಚನ್ನು ಎತ್ತಿ ಮೇಜಿನ ಮೇಲೆ ಮೆಲ್ಲನೆ ಉರುಳಿಸಿದಳು. ಆಟವಾಡುತ್ತಿದ್ದಾಳೆಯೇ? ನನಗೆ ರೇಗಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಚಿಕ್ಕವಳು ಮೇಲೆ ಬೀಳುವುದೊಂದು ಬಾಕಿ. ಅತ್ತಿಗೆ ನಡುವೆ ನಿಂತಳು.

"ಡಾಕ್ಟ್ರೇ, ಈ ಗಾಡಿ ಮೇಲೆ ನಿಮಗೆ ಹೊಟ್ಟೆಕಿಚ್ಚು ಇತ್ತಾ?"

"ಇತ್ತು," ಎಂದರು ಡಾಕ್ಟರು ನೇರವಾಗಿ. "ಮೂರು ಗಾಡಿ ಸೇರಿಸಿದ್ದಾರೆ, ಒಂದು ಬೆಸುಗೆ ಕಾಣಲ್ಲ. ನೋಡಿದಾಗಿಂದ ಊಟ ಸೇರಿಲ್ಲ ನನಗೆ."

"ಏನೂ ತಪ್ಪು ಸಿಗಲಿಲ್ವಾ?"

ಡಾಕ್ಟರು ತಡವರಿಸಿದರು. "ಸಿಕ್ತು. ಒಂದು."

"ಯಾವುದು?"

"ಹಿಂದಿನ ಎಡಗಡೆ ಟೈರು. ಉಲ್ಟಾ ಹಾಕಿದ್ರು. ಹೇಳ್ಲಿಲ್ಲ ನಾನು. ತೀರ್ಪುಗಾರರ ಕಣ್ಣಿಗೆ ಬೀಳ್ಲಿ, ಅಂಕ ಹೋಗ್ಲಿ ಅಂತ ಸುಮ್ಮನಿದ್ದೆ."

ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು. ನನಗೂ ಯಾಕೋ ಕಿವಿ ಬಿಸಿಯಾಯಿತು.

"ಹೊಟ್ಟೆಕಿಚ್ಚೇ ಇವರನ್ನ ಉಳಿಸ್ತು," ಎಂದಳು ಅತ್ತಿಗೆ. "ತಪ್ಪು ಎಲ್ಲರಿಗೂ ಕಾಣ್ಲಿ ಅಂತ ಕಾಯ್ತಿದ್ದವರು ಆ ಗಾಡೀನೇ ಯಾಕೆ ಇಲ್ಲದ ಹಾಗೆ ಮಾಡ್ತಾರೆ?"

"ಹಂಗಾದ್ರೆ ಯಾರು?" ಎಂದಳು ಚಿಕ್ಕವಳು.

ಅತ್ತಿಗೆ ಫೋಟೋ ತೋರಿಸಿದಳು. ಟೈರಿನ ಮೇಲೆ ಬಾಣದ ತುದಿಯಂಥ ಗೆರೆಗಳಿರುತ್ತವೆ. ಬಲಗಡೆ ಟೈರಿನಲ್ಲಿ ಬಾಣ ಮೇಲಕ್ಕೆ, ಎಡಗಡೆಯದರಲ್ಲಿ ಕೆಳಕ್ಕೆ. ಆಮೇಲೆ ಕೈಯಲ್ಲಿದ್ದ ಅಚ್ಚು ತೋರಿಸಿದಳು. ಎರಡೂ ಟೈರಿನ ಬಾಣ ಒಂದೇ ಕಡೆಗೆ!

ಫೋಟೋ ತೆಗೆದವನು ನಾನು. ಅಚ್ಚನ್ನು ಮೊದಲು ನೋಡಿದವನೂ ನಾನು. ಆದರೂ ಕಂಡದ್ದು ಆಕೆಗೆ!

"ನಿನ್ನೆ ಬೀಗ ಹಾಕೋವಾಗ ಉಲ್ಟಾ. ಇವತ್ತು ನೆಟ್ಟಗೆ," ಎಂದಳು ಅತ್ತಿಗೆ. "ಬೀಗ ಹಾಕಿದ ಮೇಲೆ ಒಳಗೆ ಬಂದವರು ಮೊದಲು ಟೈರು ಸರಿ ಮಾಡಿದಾರೆ. ಮುರಿದಿದ್ದು ಆಮೇಲೆ. ಮುರಿಯೋಕೆ ಬಂದವರು ಯಾರಾದ್ರೂ ಟೈರು ಸರಿ ಮಾಡ್ತಾರಾ?"

ಅತ್ತಿಗೆ ಅಚ್ಚನ್ನು ಮೇಜಿನ ಮೇಲಿಟ್ಟಳು.

"ಬಂದಿದ್ದು ಗಾಡಿ ಚೆನ್ನಾಗಿರ್ಲಿ ಅಂತ. ಡ್ರೈವರಣ್ಣಂಗೆ ಕೈ ನಡುಗುತ್ತೆ, ಆ ರಬ್ಬರು ಕಳಚಿ ಮತ್ತೆ ಒತ್ತಿ ಕೂರಿಸೋಕೆ ಆಗಲ್ಲ. ಚಿಕ್ಕವಳಿಗೆ ಟೈರಿಗೆ ಹಿಂದು ಮುಂದು ಇದೆ ಅನ್ನೋದೇ ಗೊತ್ತಿಲ್ಲ. ಅಲ್ವೇನಮ್ಮ?"

ಚಿಕ್ಕವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ಗೋಡೆಯ ಕಡೆ ತಿರುಗಿತು. ನಮ್ಮೆಲ್ಲರ ಕಣ್ಣೂ ತಿರುಗಿತು.

"ಅವಸರದಲ್ಲಿ ಮಾಡಿದ ತಪ್ಪು ನಿನ್ನ ಮನಸ್ಸಿಗೆ ಬಂತು. ಅಪ್ಪನ ಕೀಲಿ ತಗೊಂಡು ಬಂದೆ. ಟೈರು ಹಾಕೋಕೆ ಬಗ್ಗಿದಾಗ ಕ್ಯಾಬಿನ್ ಕಿಟಕಿ ಕಣ್ಣಿನ ಮಟ್ಟಕ್ಕೆ ಬಂತು," ಎಂದು ಅತ್ತಿಗೆ ಎರಡನೆಯ ಫೋಟೋ ಹಿಡಿದಳು. ಮುಂದಿನ ಗಾಜಿನ ಹಿಂದೆ, ಡ್ರೈವರನ ಪಕ್ಕದ ಸೀಟಿನಲ್ಲಿ, ಒಂದು ಪುಟ್ಟ ತಲೆ. "ಚೂರುಗಳಲ್ಲಿ ಈ ಬೊಂಬೆ ಇಲ್ಲ. ನಿನ್ನ ಹತ್ರಾನೇ ಇದೆಯಲ್ಲಮ್ಮಾ?"

ದೊಡ್ಡವಳು ಜೇಬಿಗೆ ಕೈ ಹಾಕಿ ತೆಗೆದಳು. ಹೆಬ್ಬೆರಳಿಗಿಂತ ಚಿಕ್ಕ ಹುಡುಗಿ. ಎರಡು ಜಡೆ. ಮುಖದ ಮೇಲೆ ಸೊಟ್ಟಸೊಟ್ಟಗೆ ಬರೆದ ಕನ್ನಡಕ. ನಡುಗುವ ಕೈ ಬರೆದದ್ದೆಂದು ನೋಡಿದರೇ ತಿಳಿಯುತ್ತಿತ್ತು.

"ಸ್ಕೂಲಿಗೆ ದಿನಾ ಆ ಸೀಟಲ್ಲಿ ಕೂತು ಹೋದವಳು ನಾನು," ಎಂದಳು. ಅವಳ ದನಿ ಸೀಳಿತ್ತು. "ಜಲ್ಲಿಯ ಧೂಳು ಕುಡಿದವಳು ನಾನು. ಅಂಟು ಹಚ್ಚಿದ್ದು, ಬಣ್ಣ ಹೊಡೆದಿದ್ದು, ಎಲ್ಲಾ ನಾನು. ಸೀಟು ಮಾತ್ರ ಇವಳಿಗಾ? ಬೊಂಬೆ ಕಿತ್ತುಕೊಳ್ಳೋಕೆ ಹೋದೆ, ಕ್ಯಾಬಿನ್ ಬಿರುಕು ಬಿಡ್ತು. ಆಮೇಲೆ ಕೈ ನಿಲ್ಲಲಿಲ್ಲ. ನಿನಗೆ ಯಾವಾಗ್ಲೂ ಅವಳೇ ಅಲ್ವಾ ಅಪ್ಪ?"

ಡ್ರೈವರಣ್ಣ ಕುರ್ಚಿಯನ್ನು ದೊಡ್ಡವಳ ಕಡೆ ತಿರುಗಿಸಿದರು.

"ನಿನಗೆ ಆ ಸೀಟು ಸಿಕ್ಕಿತ್ತು ಕಣಮ್ಮ," ಎಂದರು. "ಇವಳು ಹುಟ್ಟೋ ಹೊತ್ತಿಗೆ ಆ ಗಾಡಿ ಗುಜರಿಗೆ ಹೋಗಿತ್ತು. 'ಅಕ್ಕ ಮಾತ್ರ ಕೂತಿದಾಳೆ, ನನ್ನನ್ನೂ ಕೂರಿಸು' ಅಂತ ಚಿಕ್ಕವಳಿದ್ದಾಗ ಅದೆಷ್ಟು ಹಟ ಮಾಡೋಳು. ಎಲ್ಲಿಂದ ತಂದು ಕೂರಿಸ್ಲಿ? ಅದಕ್ಕೇ ಈಗ..."

ದೊಡ್ಡವಳು ತಂಗಿಯ ಮುಖವನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು.

"ನಿನಗೆ? ನನ್ನ ಮೇಲೆ ಹೊಟ್ಟೆಕಿಚ್ಚಾ?"

"ನೀನು ಊಟಕ್ಕೆ ಕೂತಾಗೆಲ್ಲ ಆ ಗಾಡಿ ಕಥೆ ಹೇಳ್ತಿದ್ದೆಯಲ್ಲ," ಎಂದಳು ಚಿಕ್ಕವಳು. "ಎದ್ದು ಹೋಗ್ತಿದ್ದೆ. ಒಂದು ಸಲಾನೂ ಯಾಕೆ ಅಂತ ಕೇಳ್ಲಿಲ್ಲ ನೀನು."

ಅವಳು ಬಂದು ಅಕ್ಕನ ಅಂಗೈಯಿಂದ ಬೊಂಬೆಯನ್ನು ಎತ್ತಿಕೊಂಡಳು. ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ತಂದು ನೋಡಿದಳು.

"ಅಪ್ಪ ಈ ಸಲ ಹತ್ತಿಸಿದ್ರು. ಈ ಸಲಾನೂ ನನಗೆ ಗೊತ್ತಾಗೋ ಹೊತ್ತಿಗೆ ಗಾಡಿ ಇಲ್ಲ."

ಹೊರಗೆ ಜನ ಸೇರಿದ ಸದ್ದು ಕೇಳುತ್ತಿತ್ತು. ಬಾಗಿಲು ತೆಗೆಯಬೇಕಾದವನು ನಾನು, ಆದರೆ ತೆಗೆಯಲಿಲ್ಲ. ದೊಡ್ಡವಳು ಮೇಜಿನ ಮೇಲಿನ ಚೂರುಗಳನ್ನು ಒಂದೊಂದಾಗಿ ಒಟ್ಟುಮಾಡತೊಡಗಿದಳು. ಆಮೇಲೆ ಬೊಂಬೆಯನ್ನೂ ಅವುಗಳ ಜೊತೆ ಇಡಲೆಂದು ತಂಗಿಯತ್ತ ಕೈ ಚಾಚಿದಳು.

ಚಿಕ್ಕವಳು ಕೊಡಲಿಲ್ಲ.