ಸೆಳೆದುಕೊಂಡ ಕೈ

"ಹಗ್ಗ! ಮೇಡಂ, ಹಗ್ಗ ಬಿಡ್ಬೇಡಿ!"

ಆ ಕೂಗು ಕಿವಿಗೆ ಬೀಳುವ ಹೊತ್ತಿಗೆ ಭವ್ಯಶ್ರೀ ಹಗ್ಗ ಬಿಟ್ಟಾಗಿತ್ತು.

ಹಲಗೆಯ ಉಯ್ಯಾಲೆ ಒಂದು ಪಕ್ಕಕ್ಕೆ ವಾಲಿತು. ಮೇಲೆ ಕೂತಿದ್ದ ಐದು ವರ್ಷದ ಚೈತನ್ಯ ಕಿರುಚಲೂ ಆಗದೆ ಜಾರಿದಳು. ಅಂದೇ ಕೆಲಸಕ್ಕೆ ಸೇರಿದ್ದ ಮಹದೇವಸ್ವಾಮಿ ಮಂಡಿಯ ಮೇಲೆ ಬಿದ್ದು ಮಗುವನ್ನು ಎದೆಗೆ ಅವುಚಿಕೊಂಡ.



ಆಮೇಲೆ ಮಗು ಕಿಲಕಿಲ ನಕ್ಕಿತು. "ಇನ್ನೊಂದ್ಸಲ ಬೀಳ್ಸಿ!"

ಮಗುವಿಗೆ ಆಟ. ಭವ್ಯಶ್ರೀಗಲ್ಲ.

ಆಗಿದ್ದು ಇಷ್ಟೇ. ಉಯ್ಯಾಲೆ ಜೋರಾಯಿತೆಂದು ಅವನು ಸಹಾಯಕ್ಕೆ ಬಂದಿದ್ದ. ಹಗ್ಗಕ್ಕೆ ಚಾಚಿದ ಅವನ ಕೈ ಅವಳ ಮುಂಗೈಯನ್ನು ಸವರಿಕೊಂಡು ಹೋಯಿತು. ಅಷ್ಟಕ್ಕೇ ಅವಳು ಕೆಂಡ ತಾಗಿದವಳಂತೆ ಕೈ ಸೆಳೆದುಕೊಂಡಳು. ಈಗಲೂ ಆ ಜಾಗವನ್ನು ದುಪಟ್ಟಾದಿಂದ ತಿಕ್ಕುತ್ತಲೇ ಇದ್ದಳು... ತಿಕ್ಕುತ್ತಿದ್ದೇನೆಂಬ ಅರಿವಿಲ್ಲದೆ.

ಅವನು ಅದನ್ನು ನೋಡಿದ. ಅವನ ಮುಖದ ಗಾಬರಿ ಇಳಿದು ಬೇರೇನೋ ಬಂದು ಕೂತಿತು.

"ಸಾರಿ ಮೇಡಂ," ಅಂದ ಮೆಲ್ಲಗೆ. "ನಂಗೆ ಗೊತ್ತಾಗ್ಲಿಲ್ಲ. ಇನ್ಮೇಲೆ ಹುಷಾರಾಗಿರ್ತೀನಿ."

ಅವಳು ದುಪಟ್ಟಾ ಕೈಬಿಟ್ಟಳು. ಅಯ್ಯೋ... ಇವರಿಗೆ ನನ್ನ ಗುಟ್ಟು ಗೊತ್ತಾಗಿಹೋಯಿತು!

ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್‌ನ ಮೇಲಿನ ಮಹಡಿಯಲ್ಲಿದೆ ಆ ಮಕ್ಕಳ ಥೆರಪಿ ಸೆಂಟರ್. ಕೆಲವು ಮಕ್ಕಳಿಗೆ ಮಿಕ್ಸಿಯ ಸದ್ದು ಗುಡುಗಾಗಿ ಕೇಳುತ್ತದೆ. ಕೆಲವರಿಗೆ ಹೊಸ ಅಂಗಿ ಮುಳ್ಳಾಗಿ ಚುಚ್ಚುತ್ತದೆ. ಕಂಡವರು ಹಟಮಾರಿ ಕೂಸು ಅನ್ನುತ್ತಾರೆ. ಹಟವಲ್ಲ, ಆ ಮೈಗೆ ಜಗತ್ತು ತಟ್ಟುವ ರೀತಿಯೇ ಬೇರೆ. ಉಯ್ಯಾಲೆ, ಮರಳು, ಭಾರದ ಹೊದಿಕೆ... ಇಂಥ ಆಟಗಳಲ್ಲೇ ಆ ಮೈಯನ್ನು ನಿಧಾನವಾಗಿ ಒಲಿಸಿಕೊಳ್ಳುವುದು ಇಲ್ಲಿಯ ಥೆರಪಿಸ್ಟ್‌ಗಳ ಕೆಲಸ. ಅದಕ್ಕೆಂದೇ ವರ್ಷಗಟ್ಟಲೆ ಓದಿ ಬಂದವರು.

ಭವ್ಯಶ್ರೀ ಅಲ್ಲಿ ಎಲ್ಲರಿಗೂ ಬೇಕಾದವಳು. ಯಾವ ತಾಯಿ ಅಳುತ್ತಾ ಬಂದರೂ, "ನಾಚ್ಕೋಬೇಡಿ ಕಣಮ್ಮ, ಮುಚ್ಚಿಡೋ ಅಂಥಾದ್ದು ಏನೂ ಇಲ್ಲ," ಅಂತ ಧೈರ್ಯ ಹೇಳುವವಳು.

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಅವಳೂ ಅಂಥದೇ ಒಂದು ಮಗುವಾಗಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕೆ.ಆರ್. ನಗರದ ಕಡೆಯ ಬೇಸಾಯದ ಮನೆ. ಅಜ್ಜಿ ಕೆಂಚಮ್ಮ ಎಣ್ಣೆ ಬಟ್ಟಲು ಹಿಡಿದರೆ ಮಗು ಹುಲ್ಲಿನ ಬಣವೆಯ ಹಿಂದೆ ಅವಿತುಕೊಳ್ಳುತ್ತಿತ್ತು. ತಲೆ ಬಾಚಿದರೆ ಕೇರಿಗೆಲ್ಲ ಕೇಳುವಂಥ ಅಳು. "ಒಂದ್ ಕೈ ಸೋಕಿದ್ರೆ ಪ್ರಾಣ ಹೋದಂಗಾಡ್ತಾಳೆ, ಇವ್ಳನ್ನ ಯಾವನ್ ಕಟ್ಕೋತಾನೆ!" ಅನ್ನುತ್ತಿದ್ದಳು ಅಜ್ಜಿ. ಶಾಲೆಯಲ್ಲಿ ಮಕ್ಕಳು ಬೇಕಂತಲೇ ಹಿಂದಿನಿಂದ ಬಂದು ಕತ್ತು ಸವರಿ ಓಡುತ್ತಿದ್ದರು.

ಕಾಲೇಜಿನಲ್ಲಿ ಒಂದು ದಿನ ಪಾಠದ ಪುಸ್ತಕದಲ್ಲಿ ತನ್ನದೇ ಬಾಲ್ಯವನ್ನು ಓದಿದಳು. ಮೆಲ್ಲಗೆ ಸವರಿದರೆ ಬೆಂಕಿ, ಗಟ್ಟಿಯಾಗಿ ಒತ್ತಿ ಹಿಡಿದರೆ ನೆಮ್ಮದಿ... ಇಂಥ ಮಕ್ಕಳೂ ಇರುತ್ತಾರೆ ಅಂತ ಬರೆದಿತ್ತು. ಅವಳು ಹಾಸ್ಟೆಲಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು.

ನಾನು ಕೆಟ್ಟವಳಲ್ಲ... ನಾನು ಕೆಟ್ಟವಳಾಗಿರಲಿಲ್ಲ!

ಈಗ ಮಕ್ಕಳನ್ನು ತಾನಾಗಿ ಬಿಗಿಯಾಗಿ ಅಪ್ಪಬಲ್ಲಳು. ಅದಕ್ಕೆ ಮೈ ಒಪ್ಪುತ್ತದೆ. ಹೇಳದೆ ಬಂದು ತಾಗುವ ಕೈ ಮಾತ್ರ ಇಂದಿಗೂ ಕೆಂಡವೇ. ಆದರೆ ಹೇಳುವುದು ಯಾರಿಗೆ? ಔಷಧಿ ಕೊಡೋಳಿಗೇ ಕಾಯಿಲೆ ಅಂದರೆ ಯಾವ ತಾಯಿ ಮಗುವನ್ನು ತಂದು ಒಪ್ಪಿಸುತ್ತಾಳೆ? ಇಷ್ಟು ವರ್ಷ ಈ ಭಯವೊಂದೇ ಇತ್ತು. ಇವತ್ತು ಅದರ ಮೇಲೆ ಇನ್ನೊಂದು ಸೇರಿಕೊಂಡಿತು... ನನ್ನ ಕೈಯಿಂದ ಒಂದು ಮಗು ಬಿದ್ದುಬಿಟ್ಟರೆ?

ಸಂಜೆ ಟೀ ಬಂತು. ಮಹದೇವಸ್ವಾಮಿ ಎಲ್ಲರಿಗೂ ಲೋಟವನ್ನು ಕೈಗೆ ಕೊಟ್ಟ. ಅವಳದನ್ನು ಮಾತ್ರ ಮೇಜಿನ ತುದಿಗೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಬೆರಗಾದಳು. ಯಾರಿಗೂ ಹೇಳಲಿಲ್ಲ. ಕಾರಣ ಕೇಳಲಿಲ್ಲ. ನನ್ನ ಮೈ ಅರ್ಥಮಾಡಿಕೊಂಡು ದೂರ ನಿಂತರಲ್ಲ!

ಮರುದಿನವೂ ಹಾಗೇ. ಆಮೇಲೂ ಹಾಗೇ. ಕಡತ ಕೊಡಬೇಕಾದರೆ ಮೇಜಿನ ಮೇಲೆ ಇಡುತ್ತಿದ್ದ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದ. ಹುಟ್ಟಿದಾಗಿನಿಂದ ತನ್ನನ್ನು ಹೀಗೆ ಕಾಪಾಡಿದವರು ಒಬ್ಬರೂ ಇಲ್ಲ ಅನ್ನಿಸಿತು ಅವಳಿಗೆ. ಯಾರೂ ದಾಟದ ಹೊಸಿಲನ್ನು ಅವನು ದೂರ ನಿಂತೇ ದಾಟಿಬಿಟ್ಟಿದ್ದ.

ಅವನು ಮಕ್ಕಳ ಜೊತೆ ಇರುವುದನ್ನು ನೋಡಬೇಕಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ಚೈತನ್ಯ ಮೇಜಿನಡಿ ಸೇರಿದ ದಿನ, ಅವನೂ ಆರಡಿ ಮೈಯನ್ನು ಮಡಚಿ ಒಳಗೆ ತೂರಿದ.

"ಯಾಕ್ ಬಂದ್ರಿ?" ಮಗುವಿನ ಸಿಟ್ಟು.

"ನಂಗೂ ಹೆದರಿಕೆ ಆಯ್ತು ಕಣವ್ವ. ಸ್ವಲ್ಪ ಜಾಗ ಕೊಡು."

"ನೀವ್ ದಪ್ಪ ಇದ್ದೀರಾ!"

"ಮುದ್ದೆ ತಿಂದ ಮೈ. ನಾಳೆ ಕಮ್ಮಿ ತಿಂದು ಬರ್ತೀನಿ, ಇವತ್ತೊಂದಿನ ಸುಧಾರಿಸ್ಕೋ."

ಭವ್ಯಶ್ರೀ ಬಾಗಿಲ ಮರೆಯಲ್ಲಿ ನಿಂತು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು.

ಸೆಂಟರಿನ ಯಜಮಾನತಿ ಮಾನಸ ಮೇಡಂ ಒಮ್ಮೆ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೇಳಿದರು, ಈ ಓದಿಗೆ ಯಾಕೆ ಬಂದಿರಿ ಅಂತ.

ಮಹದೇವಸ್ವಾಮಿ ತಲೆ ತಗ್ಗಿಸಿ ಹೇಳಿದ. "ನನ್ ತಮ್ಮ ಮೂರ್ ಹೊತ್ತೂ ಕಿವಿ ಮುಚ್ಕೊಂಡು ಕೂತಿರ್ತಿದ್ದ. ಗಾಳಿ ಹಿಡಿದದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆಸಿದ್ವಿ. ಅವ್ನು ಉಳೀಲಿಲ್ಲ... ಜ್ವರ ಬಂದು ಹೋದ. ಜ್ವರ ಬಂದದ್ದೂ ನಮಗೆ ಗೊತ್ತಾಗ್ಲಿಲ್ಲ, ಅವ್ನು ಹೇಳ್ತಿರಲಿಲ್ಲವಲ್ಲ. ಅದಕ್ಕೇ ಬಂದೆ."

ಮಾನಸ ಮೇಡಂ ಅವಳತ್ತ ತಿರುಗಿದರು.

"ನೀವು ಭವ್ಯಶ್ರೀ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳು... ಈಗಲೇ ಹೇಳು...

"ಮಾರ್ಕ್ಸ್ ಇತ್ತು. ಸೀಟ್ ಸಿಕ್ತು, ಸೇರ್ಕೊಂಡೆ."

ಅವನು ಒಮ್ಮೆ ಅವಳತ್ತ ನೋಡಿ ಊಟ ಮುಂದುವರಿಸಿದ.

ಆ ರಾತ್ರಿಯೆಲ್ಲ ಅವಳಿಗೆ ಸಂಕಟ. ಅವನೊಬ್ಬನಿಗಾದರೂ ಹೇಳಬೇಕು. ಅವನಿಗೆ ಹೇಗೂ ಗೊತ್ತಿದೆಯಲ್ಲ! ಬೆಳಗ್ಗೆ ಮಕ್ಕಳು ಬರುವ ಮುಂಚೆ, ಅವನು ಚಾಪೆ ಹಾಸುತ್ತಿದ್ದಾಗ ಧೈರ್ಯ ಮಾಡಿದಳು.

"ಒಂದ್ ಮಾತು ಹೇಳ್ಬೇಕಿತ್ತು ನಿಮ್ಗೆ."

"ಹೇಳಿ ಮೇಡಂ."

"ನೀವು... ನನ್ನ ಮುಟ್ಟದ ಹಾಗೆ ದೂರ ಇರ್ತೀರಲ್ಲ. ಲೋಟ ಕೂಡ ಮೇಜಿನ ಮೇಲೇ ಇಡ್ತೀರಲ್ಲ. ನಾನು ಬಾಯ್ಬಿಟ್ಟು ಕೇಳ್ದೇನೇ ಅರ್ಥ ಮಾಡ್ಕೊಂಡ್ರಿ. ತುಂಬಾ ಥ್ಯಾಂಕ್ಸ್."

ಮಹದೇವಸ್ವಾಮಿಯ ಕೈಯಿಂದ ಚಾಪೆ ಜಾರಿತು. ಮುಖ ಕಪ್ಪಿಟ್ಟಿತು.

"ಥ್ಯಾಂಕ್ಸಾ?" ಅಂದ. ಓದಿದವನ ನಯದ ಮಾತು ಹೋಗಿ ಮನೆಯ ಮಾತು ಬಂತು. "ನಮ್ಮಜ್ಜಿ ಗದ್ದೆ ಕೆಲಸಕ್ಕೆ ಹೋಗ್ತಿದ್ಲು ಕಣ್ರೀ. ಗೌಡ್ರ ಮನೆಯೋರು ಮೇಲಿಂದ ನೀರ್ ಹುಯ್ಯೋರು, ಇವಳು ಬೊಗಸೆ ಒಡ್ಡೋಳು. ಮೈ ಸೋಕಬಾರ್ದಲ್ಲ! 'ಹೇಳದೇನೇ ದೂರ ನಿಂತ್ಕೋತೀಯ, ಒಳ್ಳೇವ್ಳು ನೀನು' ಅಂತ ಮೆಚ್ಕೋತಿದ್ರಂತೆ. ಆ ಮೆಚ್ಚುಗೆ ನನ್ ತಲೆಮಾರಿಗೂ ಸಿಗ್ತದೆ ಅಂದ್ಕೊಂಡಿರ್ಲಿಲ್ಲ."

"ಅಯ್ಯೋ! ಇಲ್ಲ... ನಾನು..."

"ಸೇರಿದ ದಿನ ಮನೆ ಅಶೋಕಪುರಂ ಅಂತ ಬೆಳಗ್ಗೆ ಹೇಳ್ದೆ, ಅಲ್ಲಿಯೋರು ಅಂದ್ರೆ ಯಾವ ಜಾತಿ ಅಂತ ಎಲ್ರಿಗೂ ಗೊತ್ತು. ಮಧ್ಯಾಹ್ನ ಕೈ ತಾಗ್ತು. ಮಗು ಬಿದ್ರೂ ಪರವಾಗಿಲ್ಲ ಅಂತ ಹಗ್ಗ ಬಿಟ್ರಿ. ಬಿಟ್ಟು ಕೈ ಒರೆಸ್ಕೊಂಡ್ರಿ. ನಾನು ನೋಡ್ಲಿಲ್ವಾ?"

ನಿಜ ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಇವನು... ಅಷ್ಟರಲ್ಲಿ ಮೆಟ್ಟಿಲಲ್ಲಿ ಮಕ್ಕಳ ಸದ್ದು. ಅವನು ಹೊರಟುಹೋದ.

ಶನಿವಾರ ಮಾನಸ ಮೇಡಂ ಹೇಳಿದರು, "ಸೋಮವಾರದಿಂದ ಸ್ವಾಮಿ ಮೇಟಗಳ್ಳಿ ಬ್ರಾಂಚ್‌ಗೆ ಹೋಗ್ತಾರೆ. ಅವರೇ ಕೇಳ್ಕೊಂಡ್ರು."

ಅವನು ಹೋಗುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಆ ಗಾಯ ಹೊತ್ತುಕೊಂಡು ಹೋಗುತ್ತಾನೆ. ನನ್ನ ಭಯ ನನ್ನನ್ನಷ್ಟೇ ತಿನ್ನುತ್ತಿದೆ ಅಂದುಕೊಂಡಿದ್ದೆನಲ್ಲ... ಅವನನ್ನೂ ತಿಂದುಬಿಟ್ಟಿತಲ್ಲ!

ಭಾನುವಾರ ವಿಳಾಸ ಕೇಳಿಕೊಂಡು ಅವಳು ಅಶೋಕಪುರಂಗೆ ಹೋದಳು.

ಬಾಗಿಲು ತೆರೆದವರು ಅವನ ತಾಯಿ ಸಾಕಮ್ಮ. ಕೈಯಲ್ಲಿ ಅವರೆಕಾಳಿನ ಮೊರ.

"ಯಾರವ್ವ?"

"ಭವ್ಯಶ್ರೀ ಅಂತ. ಸೆಂಟರಲ್ಲಿ ಜೊತೇಲಿ ಕೆಲ್ಸ ಮಾಡೋಳು."

"ಓ ಬಾರವ್ವ! ಲೇ ಸ್ವಾಮೀ, ನಿಮ್ ಮೇಡಂ ಬಂದವ್ರೆ ನೋಡೋ! ಎಂಗ್ ಬೆವ್ತಿದೀಯ ಮಗಾ, ಬಿಸ್ಲಲ್ಲಿ ಬಂದ್ಬುಟ್ಯಾ?" ಅನ್ನುತ್ತಾ ಆಕೆ ಅಕ್ಕರೆಯಿಂದ ಅವಳ ಕೆನ್ನೆ ಸವರಿದರು.

ಅವಳು ಬೆಚ್ಚಿ ಹಿಂದಕ್ಕೆ ಸರಿದಳು. ಬಾಗಿಲಿಗೆ ಬೆನ್ನು ಬಡಿಯಿತು.

ಸಾಕಮ್ಮನ ಕೈ ಗಾಳಿಯಲ್ಲೇ ನಿಂತಿತು. ಒಳಬಾಗಿಲಲ್ಲಿ ನಿಂತಿದ್ದ ಮಹದೇವಸ್ವಾಮಿ ಎಲ್ಲವನ್ನೂ ಕಂಡ.

"ಬುಡವ್ವ," ಅಂದ ತಣ್ಣಗೆ. "ಅವ್ರನ್ನ ಮುಟ್ಬೇಡ."

ಈಗ ಓಡಿದರೆ ಎಲ್ಲವೂ ಮುಗಿಯಿತು. ಅವಳು ಓಡಲಿಲ್ಲ. ಮುಂದೆ ಬಂದು, ನಡುಗುವ ಕೈಗಳಿಂದ ಸಾಕಮ್ಮನ ಕೈಯನ್ನು ಹಿಡಿದು ತನ್ನ ಅದೇ ಕೆನ್ನೆಗೆ ಬಲವಾಗಿ ಒತ್ತಿಕೊಂಡಳು.

"ಹೀಗೆ ಅಮ್ಮಾ... ಗಟ್ಟಿಯಾಗಿ ಹಿಡೀರಿ. ಮೆಲ್ಲಗೆ ಸವರಿದ್ರೆ ನನ್ ಮೈ ತಡ್ಯಲ್ಲ. ಯಾರ ಕೈ ಆದ್ರೂ ತಡ್ಯಲ್ಲ. ನಮ್ಮಜ್ಜಿ ಕೈನೂ ತಡೀಲಿಲ್ಲ. ಹುಟ್ಟಿದಾಗ್ನಿಂದ ಹೀಗೇ..."

ಅಳು ಮಾತನ್ನು ನುಂಗಿತು. ಸಾಕಮ್ಮ ಏನೂ ಕೇಳಲಿಲ್ಲ. ಇನ್ನೊಂದು ಕೈಯಿಂದ ಅವಳ ಭುಜವನ್ನು ಬಿಗಿಯಾಗಿ ಅವುಚಿ ಹಿಡಿದರು. ಹಿಡಿದಂತೆ ಹಿಡಿದಂತೆ ಆ ನಡುಕ ಇಳಿಯುತ್ತಾ ಬಂತು.

ಮಹದೇವಸ್ವಾಮಿ ಅವಳ ತೋಳನ್ನು ನೋಡಿದ. ರೋಮವೆಲ್ಲ ಎದ್ದು ನಿಂತಿತ್ತು. ಉಸಿರು ಮೇಲೆಯೇ ಸಿಕ್ಕಿಕೊಂಡು, ಈಗ ನಿಧಾನವಾಗಿ ಕೆಳಗಿಳಿಯುತ್ತಿತ್ತು. ದಿನಾ ಮಕ್ಕಳಲ್ಲಿ ನೋಡುವುದೇ! ಯಾವ ಮಗು ಕೈ ಸೆಳೆದುಕೊಂಡರೂ ಕಾರಣ ಹುಡುಕುವವನು ಅವಳ ಕೈಯಲ್ಲಿ ಬರೀ ಜಾತಿ ಕಂಡಿದ್ದ. ಹಾವು ಕಚ್ಚಿಸಿಕೊಂಡ ಮನೆಯವರಿಗೆ ಹಗ್ಗವೂ ಹಾವೇ.

ಅವನು ಗೋಡೆಗೆ ಒರಗಿ ಕುಸಿದು ಕೂತ. "ನಾನೆಂಥಾ ಥೆರಪಿಸ್ಟು ಕಣ್ರೀ..."

"ನಿಮ್ದು ತಪ್ಪಲ್ಲ," ಅಂದಳು ಅವಳು ಕಣ್ಣೊರೆಸಿಕೊಂಡು. "ನಮ್ಮೂರ ಮನೇಲೂ ಕೊಟ್ಟಿಗೆ ಕಂಬಕ್ಕೆ ಕೂಲಿಯೋರಿಗೆ ಅಂತ ಬೇರೆ ಲೋಟ ಸಿಗಿಸಿರ್ತಿತ್ತು. ನಾನು ನೋಡ್ತಾ ಬೆಳೆದೋಳೇ. ನೀವು ಅನುಮಾನ ಪಟ್ಟಿದ್ದು ಸುಮ್ನೆ ಅಲ್ಲ. ಆದ್ರೆ ಆ ದಿನ ನನ್ ಕೈ ಸರಿದಿದ್ದು ಅದಕ್ಕಲ್ಲ."

"ಮತ್ತೆ ಯಾಕ್ರೀ ಇಷ್ಟು ದಿನ ಹೇಳ್ಲಿಲ್ಲ?"

"ಭಯ. ಮಕ್ಕಳನ್ನ ನನ್ನಿಂದ ಕಿತ್ಕೋತಾರೆ ಅಂತ ಭಯ. ಹಗ್ಗ ಬಿಟ್ಟಿದ್ದಂತೂ ನಿಜ ತಾನೆ? ನಾಳೆ ಮಾನಸ ಮೇಡಂಗೆ ಎಲ್ಲಾ ಹೇಳ್ಬಿಡ್ತೀನಿ. ಕೆಲ್ಸ ಹೋದ್ರೂ ಸರಿ."

"ನಾನೂ ಬರ್ತೀನಿ. ಉಯ್ಯಾಲೆ ಹತ್ರ ಹೇಳ್ದೆ ಕೇಳ್ದೆ ಕೈ ಹಾಕಿದ್ದು ನಾನು. ಅದನ್ನೂ ಹೇಳ್ಬೇಕಲ್ಲ."

"ಮೇಟಗಳ್ಳಿ?"

"ಅಲ್ಲಿಗೆ ಬೇರೆ ಯಾರಾದ್ರೂ ಹೋಗ್ಲಿ."

ಸಾಕಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿ ಮೊರ ಎತ್ತಿಕೊಂಡರು. "ಈ ಕಾಳು ನಿಮ್ ಮಾತ್ ಕೇಳ್ಕೊಂಡು ಬೇಯಾಕಿಲ್ಲ. ಒಳಗ್ ಓಯ್ತೀನಿ. ಲೇ ಸ್ವಾಮೀ, ಮಗಳನ್ನ ಅಳಿಸ್ಬೇಡ ಕಣ್ಲಾ."

ಇಬ್ಬರೇ ಉಳಿದರು.

"ದೂರ ನಿಂತಿದ್ರಲ್ಲ," ಅಂದಳು ಭವ್ಯಶ್ರೀ, ನೆಲ ನೋಡುತ್ತಾ. "ಅದನ್ನ ನಾನು ಪ್ರೀತಿ ಅಂದ್ಕೊಂಡಿದ್ದೆ. ದಿನಾ ಆ ಲೋಟ ನೋಡಿ ಬದುಕ್ತಿದ್ದೆ. ಅದು ಸಿಟ್ಟು ಅಂತ ಗೊತ್ತೇ ಆಗ್ಲಿಲ್ಲ..."



"ಸಿಟ್ಟೇ ಕಣ್ರೀ," ಅಂದ ಅವನು. "ಸುಳ್ಳು ಹೇಳಲ್ಲ. ಆದ್ರೆ ಸಿಟ್ಟು ಬಂದೋರಿಗೆ ಟೀ ಆರಿಹೋಗೋ ಮೊದ್ಲು ತಂದಿಡ್ಬೇಕು ಅಂತ ಮೆಟ್ಟಿಲಲ್ಲಿ ಓಡಿ ಬರ್ತಿದ್ದೆ. ಯಾಕೆ ಅಂತ ನಂಗೇ ಗೊತ್ತಿರ್ಲಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋದಕ್ಕಾದ್ರೂ ನಿಮ್ಮನ್ನ ನೋಡ್ಬೇಕಾಗಿತ್ತು."

ಅವಳು ತಲೆ ಎತ್ತಿದಳು. ಈ ಸಲದ ಹೆದರಿಕೆ ಬೇರೆ ತರಹದ್ದು.

"ಜಾತಿ ಬೇರೆ ಅಂತ ನಮ್ಮಪ್ಪ ಒಪ್ಪಲ್ಲ," ಅಂದಳು. "ನೆನೆಸ್ಕೊಂಡ್ರೇ ಕೈಕಾಲು ನಡುಗ್ತದೆ."

"ನಂಗೂ."

"ಆದ್ರೂ ನಾನೇ ಹೋಗಿ ಹೇಳ್ತೀನಿ."

"ಒಬ್ರೇ ಬೇಡ."

ಅವನು ತನ್ನ ಅಂಗೈಯನ್ನು ಮೇಲ್ಮುಖವಾಗಿ ಚಾಚಿದ. ಅವಳ ಕೈಗೆ ಒಂದು ಗೇಣು ದೂರದಲ್ಲಿ ಅದು ನಿಂತಿತು, ಕಾಯಿತು.

"ಹಿಡ್ಕೊಳ್ಲಾ?"

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಹೆತ್ತವರೂ ಕೇಳಿರಲಿಲ್ಲ.

"ಹೂಂ..." ಅಂದಳು. "ಗಟ್ಟಿಯಾಗಿ."

"ನೋವಾದ್ರೆ ಹೇಳಿ."

"ಬಿಟ್ರೆ ಹೇಳ್ತೀನಿ."